ಉದ್ದ ಕಿವಿಯ ಕತೆ

ರಿಬಂದರದಿಂದ ಚೊಡಣಕ್ಕ ಹತ್ತೇ ಮಿನಿಟು.
ಹಗ್ಗ ಬಿಚ್ಚೂದು, ಹಗ್ಗ ಕಟ್ಟೂದು,
ನಡುವ ಮಾಂಡವಿ ಹೊಳಿ.
ಇಷ್ಟೇ ನನ್ನ ನೌಕರಿ.
ಶಾಲಿ ಸೂಟಿ ಬಿಟ್ಟಾಗಿಂದ ನಿಂಬೆವ್ವನೂ ನನ್ನ ಜೋಡಿ,
ಫೆರಿಯಾಗ, ಲೈಫ್‌ಜಾಕೆಟ್ ತುಂಬಿದ ಪೆಟಿಗಿ ಮ್ಯಾಲ.
ಅವರವ್ವ ಆ ದಂಡಿ ಮನಿಗಳಾಗ
ಪಾತ್ರಿ ತಿಕ್ಕಿ ಬರೂತನ
ದಿನಕ್ಕ ಇಪ್ಪತ್ತು ಸಲ ಹೊಳಿ ದಾಟತಾಳ ಹುಡುಗಿ,
ಎಲ್ಲಿಗೂ ಹೋಗೂದಿಲ್ಲ.

ಪುಸ್ತಕ ಸಿಕ್ಕಿದ್ದು ಮಾಪ್ಸಾ ಶುಕ್ರವಾರ ಸಂತಿಯಾಗ.
ಇಂಡಿ ಕಡೆಯವ ಒಬ್ಬ ರದ್ದಿ ಮಾರತಿದ್ದ.
ಮರಾಠಿ, ಇಂಗ್ಲಿಷ್ ರಾಶಿಯಾಗ ಕನ್ನಡದ್ದು ಅದೊಂದೇ,
ಸೊಟ್ಟಗ ಕುಂತಿತ್ತು, ಹೊದಿಕಿ ಹರದು.
"ನಮ್ಮ ಹುಡುಗಿಗೆ ಅಲ್ಲೇನ್ರಿ, ಒಯ್ಯಿರಿ" ಅಂದ,
ಐದು ರೂಪಾಯಿ ಮಾತ್ರ ಬಿಡಲಿಲ್ಲ.

ಮೊದಲ ದಿನ ತಪ್ಪು ನಂದು.
ಅಕ್ಷರದ ಮ್ಯಾಲ ಬಟ್ಟಿಟ್ಟು
"ಇದೇನು? ಹಂ, ಇದು?" ಅಂದೆ.
ಆಕಿ ನನ್ನ ಬಟ್ಟು ನೋಡಿದಳು,
ಉಗುರಾಗಿನ ಗ್ರೀಸು ನೋಡಿದಳು,
ಪುಸ್ತಕ ಮುಚ್ಚಿದಳು.
ಏಡಿ ತನ್ನ ತೂತಿನೊಳಗ ಹೋಗೂವಾಗ
ಸಪ್ಪಳ ಆಗೂದಿಲ್ಲ ನೋಡ್ರಿ,
ಹಂಗ.

ಮೂರು ದಿನ ಅದು ಬಿಸಿಲಿಗೆ ಬಿದ್ದಿತ್ತು.
ಅದರ ಮ್ಯಾಲ ಕುಂತಳು, ಅದರಿಂದ ಗಾಳಿ ಬೀಸಿಕೊಂಡಳು,
ಅದರಾಗ ಮಿರ್ಚಿಭಜಿ ಇಟ್ಟು ಮುಚ್ಚಿದಳು.
ಎಣ್ಣಿ ಕುಡದ ಹಾಳಿಯಾಗ
ಆ ಕಡೆ ಅಕ್ಷರ ಈ ಕಡೆ ತಿರುಗಿ ಕಂಡಾಗ
ಸೂರ್ಯಗ ಹಿಡದು ನಕ್ಕಳು.
ನಾ ಹಗ್ಗ ಬಿಚ್ಚಿದೆ. ಹಗ್ಗ ಕಟ್ಟಿದೆ.

ನಾಲ್ಕನೇ ದಿನ, ನಡುಹೊಳಿಯಾಗ,
ಇಂಜಿನ್ ಸಪ್ಪಳದ ತಳಗ ಒಂದು ಸಣ್ಣ ದನಿ:
"ಒಂದೂರಿನಲ್ಲಿ ಒಂದು ಕತೆ ಇತ್ತು.
ಕತೆಗೆ ಉದ್ದ ಕಿವಿ ಇದ್ದವು.
ಕತೆ ಹುಲ್ಲು ತಿಂದು
ಅಗಸನ ಮನೆಗೆ ಹೋಯಿತು."

ಸ್ಕೂಟರ್ ಹಿಡಕೊಂಡು ನಿಂತ ಕುಲಗೋಡ ಮಾಸ್ತರು
ಬಾಯಿ ತಗದ್ರು.
ನಾ ತುಟಿ ಮ್ಯಾಲ ಬಟ್ಟಿಟ್ಟೆ.
"ಒತ್ತು ಬಿಟ್ಟಾಳಲ್ಲೋ" ಅಂದ್ರು, ಪಿಸುಮಾತಿನ್ಯಾಗ.
"ಹೌದ್ರಿ. ಮೇಯ್ಲಿ ಬಿಡ್ರಿ ಇನ್ನೊಂದೀಟು."

ಆ ಒತ್ತು ನಂಗೊತ್ತು.
ಮೂರನೇ ಇಯತ್ತೆಯಾಗ ಅದನ್ನ ಬಿಟ್ಟಿದ್ದಕ್ಕ
ಎರಡೂ ಕಿವಿ ಹಿಡದು ಎತ್ತಿದ್ರು ನನ್ನ.
ಇಳದ ಮ್ಯಾಲ ಕಾಲು
ಶಾಲಿ ಕಡೆ ತಿರುಗಲಿಲ್ಲ.
ಅಕ್ಷರದ ಕೆಳಗ ಜೋತುಬಿದ್ದ ಒಂದು ಗೀಟು,
ಅದರ ಭಾರ ಎಷ್ಟಂತ
ಯಾರೂ ತೂಗಿ ನೋಡಿಲ್ಲ.

ನಿಂಬೆವ್ವನ ಕತೆ ನಾಲ್ಕು ಸಲ ಹೊಳಿ ದಾಟಿತು.
ಚೊಡಣದಾಗ ಇಳದು ಕೆಸರಿನ ಗಿಡ ಮೂಸಿ ಬಂತು,
ಮೀನಿನ ಬುಟ್ಟಿಯವರಿಗೆ ದಾರಿ ಬಿಟ್ಟಿತು,
ಅಗಸಗ ಒಮ್ಮೆ ಒದೀತು.
ಐದನೇ ಸಲ,
ಭಜಿ ಎಣ್ಣಿಗೆ ಅಂಟಿದ ಹಾಳಿ ಬಿಡಿಸಿದರ
ಚಿತ್ರ.
"ಅಪ್ಪಾ! ಇದು ಕತ್ತಿ ಐತಿ!"
ಹಿಂದಿನ ಹಾಳಿಗೆ ಓಡಿದಳು.
ಒಂದೊಂದು ಕತೆಯ ತಳಗೂ ಬಟ್ಟಿಟ್ಟು ಹುಡುಕಿದಳು,
"ಬಾಲ ಇಲ್ಲೇ ಐತಿ ನೋಡು, ಇಲ್ಲೂ ಐತಿ,
ನಾ ನೋಡೇ ಇಲ್ಲ!"
ನಕ್ಕು ನಕ್ಕು ಬಿಕ್ಕಳಿಕಿ ಹತ್ತಿತು.

ನಾ "ಶಾಣ್ಯಾ" ಸುದ್ದಾ ಅನಲಿಲ್ಲ.
ನಾಳಿ ಆ ಮಾತಿನ ಆಸಿಗೆ ಓದ್ಯಾಳು ಅಂತ.
"ಮುಂದ ಏನಾತು?" ಅಂದೆ.
ಖರೇನ ನಂಗೂ ಗೊತ್ತಿರಲಿಲ್ಲ.
"ತಡಿ, ದಂಡಿ ಬಂತು, ನೀ ಹಗ್ಗ ಕಟ್ಟು" ಅಂದಳು,
ಕಪ್ತಾನನ ಹಂಗ.

ಆ ಪುಸ್ತಕಕ್ಕ ಕಡೀ ಹಾಳಿ ಇಲ್ಲ.
ತರೂವಾಗ ನೋಡೀನಿ, ಹೇಳಿಲ್ಲ.
ಇವತ್ತು ಸಂಜಿ ಅಲ್ಲಿಗೆ ಬಂದು ಮುಟ್ಟಿದಳು.
ಹರದ ಅಂಚು ಸವರಿದಳು ಒಮ್ಮೆ,
ನನ್ನ ಕಡೆ ನೋಡಲಿಲ್ಲ.
ಪುಸ್ತಕ ತೊಡಿ ಮ್ಯಾಲ ತೆರದೇ ಐತಿ,
ಕಣ್ಣು ಹೊಳಿ ಮ್ಯಾಲ.
ತುಟಿ ಮಾತ್ರ ಅಲ್ಲಾಡಾಕ ಹತ್ಯಾವು.