ತಟ್ಟಿ ನೋಡುವವನ ಕೂಲಿ

ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದು.
ದೋಣಿಗೂ ಅದೇ ಮಾತು.
ಅದಕ್ಕೇ ಮೊದಲು ಕ್ರೇನು, ಎರಡು ಅಗಲದ ಪಟ್ಟಿ,
ಆಮೇಲೆ ನಾನು, ನನ್ನ ಪುಟ್ಟ ಸುತ್ತಿಗೆ.

ನೋವಾ ಸ್ಕೋಶಿಯಾದ ಈ ಕೊಲ್ಲಿಯಲ್ಲಿ
ಮೂವತ್ತೊಂದು ವರ್ಷದಿಂದ ಇದೇ ಕೆಲಸ:
ಹಳೆಯ ದೋಣಿಗಳ ಹೊಟ್ಟೆ ತಟ್ಟುವುದು, ಕಿವಿಗೊಡುವುದು.
ಗಟ್ಟಿ ಮರ ಟಣ್ ಎಂದು ಮಾತು ಮುಗಿಸುತ್ತದೆ.
ಕೊಳೆತದ್ದು ದೊಬ್ ಎನ್ನುತ್ತದೆ,
ಬಾಯಿತುಂಬ ತುತ್ತಿಟ್ಟುಕೊಂಡು ಉತ್ತರ ಕೊಟ್ಟ ಹಾಗೆ.

ಕೂಲಿ ಯಾರದು ಎಂದು ಕೇಳುತ್ತೀರಿ.
ಕೊಳ್ಳುವವನದು. ಮೊದಲಿಂದಲೂ.
ಮಾರುವವರು ಏಕೆ ಕೊಟ್ಟಾರು,
ತಮ್ಮ ಹುಳುಕನ್ನು ಪರರಿಂದ ಎಣಿಸಿಕೊಳ್ಳಲು?
ಕೊಟ್ಟವನಿಗೇ ವರದಿ, ಕೊಟ್ಟವನಿಗೇ ನನ್ನ ಬಾಯಿ.
ಉಳಿದವರೆದುರು ನಾನು ಹವೆಯ ಮಾತಾಡುತ್ತೇನೆ.

ಅಕ್ಟೋಬರಿನ ಆ ಮಂಗಳವಾರ
ಕೊಳ್ಳಲು ಬಂದವನು ಡಾರೆಲ್ ಕೋರ್ಕಮ್,
ದಾಟುಹಡಗಿನ ಅಡುಗೆಯವನು.
ಮೂರು ಚಳಿಗಾಲ ಸೂಪು ಕಲಕಿ ಕೂಡಿಟ್ಟ ಹಣ
ಬ್ಯಾಂಕಿನಲ್ಲೇ ಇತ್ತು, ಆದರೂ
ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.
ಮಾರುವವಳು ವರ್ನಾ ಜಿಂಕ್.
ಗಂಡ ಎಲಿಸ್ ತೀರಿಕೊಂಡು ಎರಡು ವರ್ಷ.
ಅವನು ಕೊನೆಯ ಬೇಸಿಗೆ ಬಳಿದ ಹಸಿರು ಇನ್ನೂ ಮಾಸಿರಲಿಲ್ಲ.
ಅವಳ ಕೈಯಲ್ಲಿ ಒಂದು ಫ್ಲಾಸ್ಕು, ಒಂದೇ ಲೋಟ.

ಜಗಳ ನನ್ನ ಕೂಲಿಯದಲ್ಲ,
ಅದನ್ನು ಡಾರೆಲ್ ಬೆಳಿಗ್ಗೆಯೇ ಕೊಟ್ಟಿದ್ದ.
ಜಗಳ ಕ್ರೇನಿನದು.
ಎತ್ತುವುದಕ್ಕೆ ಅವನು ಕೊಟ್ಟರೆ,
ಬೇಡವೆಂದಾಗ ಇಳಿಸುವುದಕ್ಕೆ ಯಾರು?
"ಮೇಲೆ ಹೋದದ್ದು ನಿನ್ನ ಅನುಮಾನಕ್ಕೆ" ಎಂದಳು ವರ್ನಾ.
"ಕೆಳಗೆ ಬರುವುದು ನಿಮ್ಮ ದೋಣಿ" ಎಂದ ಅವನು.
ಇಬ್ಬರೂ ಸರಿ.
ದೋಣಿ ನೆಲಕ್ಕೂ ನೀರಿಗೂ ಸಲ್ಲದೆ
ತೊಟ್ಟಿಕ್ಕುತ್ತ ನೇತಾಡಿತು.
ಕ್ರೇನಿನ ಬಾಯ್ಡ್ ಎಂಜಿನು ಆರಿಸಿ ಬುತ್ತಿ ಬಿಚ್ಚಿದ.
ಗಂಟೆ ಲೆಕ್ಕದವನಿಗೆ ಏನು ಅವಸರ.

ನಾನು ತಟ್ಟುತ್ತ ಹೋದೆ.
ಮೂತಿಯಿಂದ ನಡುವಿನ ತನಕ ಟಣ್, ಟಣ್.
ಎಡಗಡೆ, ಹಿಂಬದಿಗೆ,
ನೀರಗೆರೆಗಿಂತ ಒಂದು ಗೇಣು ಕೆಳಗೆ,
ದೊಬ್.
ಇನ್ನೊಮ್ಮೆ. ದೊಬ್.
ಚೂರಿಯ ಮೊನೆ ಕೇಳದೆಯೇ ಒಳಗೆ ಹೋಯಿತು,
ಹೊರಬಂದದ್ದು ಸೋಸಿ ಉಳಿದ ಚಹಾಪುಡಿಯಂಥದ್ದು.
ವರ್ನಾ ನನ್ನ ಮುಖವನ್ನೇ ನೋಡುತ್ತಿದ್ದಳು.
"ಹೇಗಿದೆ?"
"ಸಂಜೆಗೆ ಗಾಳಿ ತಿರುಗಬಹುದು" ಎಂದೆ.

ನಾಲ್ಕು ಪುಟ, ಡಾರೆಲ್ ನಿಂತಲ್ಲೇ ಓದಿದ.
ಕೊಳ್ಳಲಿಲ್ಲ.
ಟ್ರಕ್ಕಿನ ಬಾಗಿಲು ತೆರೆದವನು ತಿರುಗಿ ಬಂದು
ಕಾಗದವನ್ನು ಅವಳತ್ತ ಚಾಚಿದ:
"ಇವತ್ತು ನಾನು ಕೊಂಡದ್ದು ಇಷ್ಟೇ. ನಿಮ್ಮ ಹತ್ತಿರ ಇರಲಿ."
"ಪುಕ್ಕಟೆ ಬೇಡ" ಎಂದಳು.
ನನ್ನ ಕೂಲಿ ಎಷ್ಟೆಂದು ನನ್ನನ್ನೇ ಕೇಳಿ
ಅರ್ಧ ಎಣಿಸಿದಳು. ಅವನು ಒಲ್ಲೆನೆಂದ.
ನೋಟುಗಳನ್ನು ಟ್ರಕ್ಕಿನ ವೈಪರಿನಡಿ ಸಿಕ್ಕಿಸಿದಳು,
ದಂಡದ ಚೀಟಿಯ ಹಾಗೆ.

ವರದಿಯನ್ನು ಓದಲಿಲ್ಲ.
ಮಡಚಿ ಕೋಟಿನೊಳಗೆ ಇಟ್ಟು ನನಗೆ ಹೇಳಿದಳು:
"ಆ ಜಾಗ ತಟ್ಟು. ನಾನು ಕೇಳಬೇಕು."
ತಟ್ಟಿದೆ.
ಸುತ್ತಿಗೆ ಇಸಿದುಕೊಂಡು ತಾನೂ ತಟ್ಟಿದಳು,
ಹಲ್ಲುನೋವಿನ ಮಗುವಿನ ಕೆನ್ನೆ ಮುಟ್ಟುವಷ್ಟು ಮೆಲ್ಲಗೆ.
ಆಮೇಲೆ ಉಗುರಿನಿಂದ ಬಣ್ಣದ ಅಂಚು ಕೆರೆದಳು.
"ಇಲ್ಲಿ ಮಾತ್ರ ಮೂರು ಪದರ ಬಳಿದಿದ್ದಾನೆ" ಎಂದಳು.
"ಅವನಿಗೆ ಗೊತ್ತಿತ್ತು."

ಗಾಳಿ ನಿಜಕ್ಕೂ ತಿರುಗಿತ್ತು.

ಆ ಪೆಟ್ಟುಗಳಿಗೆ ನಾನು ಬಿಲ್ಲು ಬರೆಯಲಿಲ್ಲ.
ಬಾಯ್ಡ್ ಬರೆದ, ಮೂರು ಗಂಟೆಗೆ,
ಎತ್ತಿದ್ದು, ತೂಗಿದ್ದು, ಇಳಿಸಿದ್ದು ಸೇರಿಸಿ.
ಯಾರ ಹೆಸರಿಗೆ ಕಳಿಸಲಿ ಎಂದು
ಕಂಡಾಗಲೆಲ್ಲ ಇವತ್ತಿಗೂ ನನ್ನನ್ನೇ ಕೇಳುತ್ತಾನೆ.