ನಾಲ್ಕನೆಯ ದನಿ

ಅಸ್ಮಾರಾ ಬಿಟ್ಟಾಗ ಇನ್ನೂ ನಸುಗತ್ತಲು.
ಎದ್ದಿದ್ದವನು ಬೇಕರಿಯವನೊಬ್ಬ.
ಬಿಸಿ ಬ್ರೆಡ್ಡು ಕೊಂಡು ಅಂಗಿಯೊಳಗೆ ಎದೆಗೊತ್ತಿ ಇಟ್ಟುಕೊಂಡೆವು,
ತಿನ್ನಲಿಕ್ಕಲ್ಲ,
ಮೊದಲ ಹತ್ತು ಮೈಲಿಯ ಚಳಿಗೆ.

ಅದಿ ಕೈಹ್ ಊರಿಂದ ಹೊರಟು ಮೂರನೆಯ ದಿನ ಇದು.
ಎರಡು ದಿನ ಏರಿ, ಇಳಿದು, ಮತ್ತೆ ಏರಿ
ಮೊಣಕಾಲುಗಳು ತಮ್ಮ ಪಾಡಿಗೆ ತಾವು ಮಾತಾಡತೊಡಗಿದ್ದವು.
ಇವತ್ತು ಬರೀ ಇಳಿಜಾರು. ಏಳೂವರೆ ಸಾವಿರ ಅಡಿ ಕೆಳಗೆ
ಮಸಾವಾ, ಉಪ್ಪು, ಕೆಂಪು ಸಮುದ್ರ.
"ಬೀಳೋದಕ್ಕೆ ಯಾರ ಅಪ್ಪಣೆ ಬೇಕು?" ಅಂದಿದ್ದ ಮೆರ್ಹಾವಿ,
ರಾತ್ರಿ ತೊಡೆಗೆ ಎಣ್ಣೆ ತಿಕ್ಕುತ್ತ.
ಅವನದು ರೇಸಿನ ಸೈಕಲ್ಲು, ಪಕ್ಕೆಲುಬು ಕಾಣುವ ಬೇಟೆನಾಯಿಯಂಥದು.
ನನ್ನದು ಚಿಕ್ಕಪ್ಪ ಅಂಚೆ ಹಂಚಿದ ಸೈಕಲ್ಲು;
ಬೆಲ್ಲು ಹೊಡೆದರೆ ಇವತ್ತಿಗೂ ಹೆಂಗಸರು ಬಾಗಿಲಿಗೆ ಬರುತ್ತಾರೆ.

ಊರು ಮುಗಿದಲ್ಲಿ ಬೆಟ್ಟವೂ ಮುಗಿಯಿತು.
ಮೋಡ ನಮ್ಮ ಕಾಲ ಕೆಳಗೆ ಮಲಗಿತ್ತು,
ಹೆಪ್ಪು ಹಾಕಿಟ್ಟ ಹಾಲು, ಅಲುಗದೆ.
ಅದರೊಳಕ್ಕೆ ಒಬ್ಬೊಬ್ಬರಾಗಿ ಇಳಿದೆವು.
ಮುಂದಿನ ಚಕ್ರ ಕಾಣದು. ಹ್ಯಾಂಡಲ್ಲು ಹಿಡಿದ ಕೈ ಯಾರದೋ.
ಲುವಾಮ್ ಕೂಗಿದಳು: ಎಣಿಕೆ ಹಾಕ್ರೋ!
ಹಾದೆ, ಎಂದ ಮೆರ್ಹಾವಿ ಎಲ್ಲೋ ತಳದಿಂದ.
ಕಿಲ್ತೆ, ಅವಳು.
ಸೆಲೆಸ್ತೆ, ನಾನು.
ಅರ್ಬಾತೆ, ಕಿಫ್ಲೊಮ್, ಬೆನ್ನ ಹಿಂದೆ, ಏದುಸಿರಲ್ಲಿ.
ತಿರುವಿಗೊಮ್ಮೆ ಹೀಗೆ, ಒಂದು ಎರಡು ಮೂರು ನಾಲ್ಕು,
ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ.

ಒಂಬತ್ತನೆಯ ತಿರುವಿನಲ್ಲೋ ಹತ್ತನೆಯದರಲ್ಲೋ
ಹಾದೆ.
ಕಿಲ್ತೆ.
ಸೆಲೆಸ್ತೆ.

ಆಮೇಲೆ ಬರೀ ಮಂಜು. ಎಲ್ಲೋ ಒಂದು ಮೇಕೆಯ ಗಂಟೆ.
ಸೆಲೆಸ್ತೆ, ಎಂದೆ ಮತ್ತೆ,
ಪಂಕ್ತಿಯಲ್ಲಿ ಜಾಗ ತೋರಿಸುವವಳಂತೆ,
ಇಲ್ಲಿಂದ ಮುಂದೆ ನಿನ್ನದು ಎಂಬಂತೆ.
ಸೈಕಲ್ಲು ಕೆಡವಿ ಬಂದ ದಾರಿಯನ್ನೇ ಹತ್ತಿ ಓಡಿದೆವು
ಕಣಿವೆಯ ಕಡೆ ನೋಡದೆ.
ಕೊನೆಗೆ ಗುಡ್ಡದ ಮಗ್ಗುಲ ಪಾಪಾಸುಕಳ್ಳಿಯ ನಡುವಿಂದ
ಬಹಳ ಮರ್ಯಾದೆಯ ಒಂದು ದನಿ:
ಅರ್ಬಾತೆ.

ಬ್ರೇಕಿನ ರಬ್ಬರು ಸವೆದು ಬರೀ ತಗಡು.
ಕಣಿವೆಗೋ ಕಳ್ಳಿಗೋ ಎಂದು ಕೇಳಿತಂತೆ ಸೈಕಲ್ಲು;
"ಕಳ್ಳಿ ಅಂದೆ," ಎಂದ.
ಕೂದಲ ಪಿನ್ನಿಂದ ಮುಳ್ಳು ಕೀಳುತ್ತ ಲುವಾಮ್ ಬಯ್ದಳು,
ಬಯ್ಯುತ್ತಲೇ ಅತ್ತಳು.
ಮೆರ್ಹಾವಿ ನಕ್ಕ, ನಕ್ಕ, ಆಮೇಲೆ ಯಾಕೋ
ದೂರ ಹೋಗಿ ನಿಂತ.

ನೆಫಾಸಿತ್‌ನಲ್ಲಿ ಪಂಕ್ಚರು ಹಾಕುವ ಮುದುಕ, ಅಬೋಯ್ ಗೆಬ್ರಾಯ್,
ಬ್ರೇಕು ನೋಡಿದ. ನಮ್ಮ ಕಾಲು ನೋಡಿದ.
ನಾಲ್ಕು ಜೋಡಿ, ಒಂದೇ ಥರದ ಪ್ಲಾಸ್ಟಿಕ್ಕು ಚಪ್ಪಲಿ.
ಎರಿಟ್ರಿಯಾ ನಡೆದದ್ದೆಲ್ಲ ಇದರಲ್ಲೇ.
"ಯಾರದು ಕುಯ್ಯಲಿ?"
ಕಿಫ್ಲೊಮ್ ಬಗ್ಗುವ ಮೊದಲೇ
ಮೆರ್ಹಾವಿ ತನ್ನ ಎಡಗಾಲಿನದು ಬಿಚ್ಚಿ ಕೊಟ್ಟ.
ಹಿಮ್ಮಡಿಯಿಂದ ಎರಡು ತುಂಡು, ಬೆರಳಗಲ.
ದುಡ್ಡು ಬೇಡವೆಂದ ಮುದುಕ, ಎದೆಯ ಶಾಖದ ಬ್ರೆಡ್ಡು ಇಸಕೊಂಡ.
"ಇಳಿಯೋದು ಇಳೀತೀರಿ," ಅಂದ ಬಾಯಿ ತುಂಬಿಕೊಂಡೇ,
"ನಾಳೆ ನನ್ನ ಮುಂದೇ ಬರಬೇಕಲ್ಲ, ನೂಕಿಕೊಂಡು."

ಗಿಂದಾದಲ್ಲಿ ಸ್ವೆಟರು ಬಿಚ್ಚಿದೆವು, ದೊಂಗೊಲೊದಲ್ಲಿ ಮಾತು.
ಒಂಟೆಗಳು ದಾರಿ ಬಿಡಲಿಲ್ಲ; ನನ್ನ ಅಂಚೆಯ ಬೆಲ್ಲಿಗೆ
ಒಂದು ಮಾತ್ರ ತಿರುಗಿ ನೋಡಿ,
ತನಗೆ ಕಾಗದವಿಲ್ಲವೆಂದು ತಿಳಿದು, ಮುಂದೆ ಹೋಯಿತು.
ಗಾಳಿ ಒಲೆಯ ಬಾಯಿ. ಕಿವಿ ಟಪ್ಪೆಂದು ತೆರೆದುಕೊಂಡವು.
ಮೆರ್ಹಾವಿ ಇಡೀ ದಾರಿ ಕಿಫ್ಲೊಮ್‌ನ ಹಿಂದೆಯೇ ಇದ್ದ,
ಜನ್ಮದಲ್ಲಿ ಮೊದಲ ಸಲ ಕೊನೆಯವನಾಗಿ,
ತನ್ನದೇ ಚಪ್ಪಲಿ ಸುಡುವ ವಾಸನೆ ಕುಡಿಯುತ್ತ.

ಸಮುದ್ರ ನೋಡಿ ಯಾರೂ ಕೂಗಲಿಲ್ಲ.
ಬಟ್ಟೆಸಮೇತ ನಡೆದು ಹೋದೆವು.
ಮುಳ್ಳಿನ ಗಾಯಕ್ಕೆ ಉಪ್ಪು ತಾಗಿ
ಕಿಫ್ಲೊಮ್ ಒಬ್ಬನೇ ಚೀರಿದ.

ಮಸಾವಾದ ಸೆಕೆಗೆ ಮನೆಯೊಳಗೆ ಮಲಗುವವರಿಲ್ಲ.
ಬೀದಿಯಲ್ಲಿ ಹಗ್ಗದ ಮಂಚ ಬಾಡಿಗೆಗೆ, ನಾಲ್ಕು ಸಾಲಾಗಿ.
ಕರೆಂಟು ಹೋಗಿತ್ತು. ಮುಖ ಕಾಣದು.
ಯಾರೂ ಕೇಳದಿದ್ದರೂ ಮೆರ್ಹಾವಿ, ಮೆಲ್ಲಗೆ:
ಹಾದೆ.
ಕಿಲ್ತೆ, ಅವಳು, ಆಕಳಿಸುತ್ತ.
ಸೆಲೆಸ್ತೆ.

ನಾಲ್ಕನೆಯದು ಬರಲಿಲ್ಲ.
ಗೊರಕೆ ಬಂತು.