ಹೆಚ್ಚಿಗೆ ಬಂದ ಹತ್ತು ಯೂರೋ

ಡಬ್ಲಿನ್ನಿನ ಈ ಕೋಣೆಗೆ ಕಿಟಕಿಯಿಲ್ಲ.
ಸೋಫಾ ಇದೆ, ಬಟ್ಟಲಲ್ಲಿ ಪೆಪ್ಪರ್‌ಮಿಂಟು,
ಫ್ರಿಜ್ಜಿನಲ್ಲಿ ಶಾಂಪೇನು, ಒಂದು ಪೆಟ್ಟಿಗೆ ಟಿಶ್ಯೂ;
ಮೊದಲು ಖಾಲಿಯಾಗುವುದು ಅದೇ.
ಗೆದ್ದವರು ಇಲ್ಲಿಗೇ ಬರಬೇಕು, ಮುಂಚೆ ಫೋನು ಮಾಡಿ.
ಹದಿನಾಲ್ಕು ವರ್ಷದಿಂದ ಫೋನಿನಲ್ಲಿ ನಾನು ಹೇಳುವುದು ಒಂದೇ:
ಚೀಟಿಯ ಬೆನ್ನಿಗೆ ಸಹಿ ಹಾಕಿ. ಹಾಕದಿದ್ದರೆ
ಅದು ಹಿಡಿದವನದು, ಹಾದಿಯಲ್ಲಿ ಹೆಕ್ಕಿಕೊಂಡವನದು,
ಗಾಳಿಯದು.

ಕಾಲುಚೀಲದೊಳಗೆ ಚೀಟಿ ಇಟ್ಟುಕೊಂಡು
ಕುಂಟುತ್ತ ಬಂದ ನರ್ಸನ್ನು ಕಂಡಿದ್ದೇನೆ.
ನಾಲ್ಕು ತಾಸು ಬಸ್ಸಿನಲ್ಲಿ ಎದೆಯ ಜೇಬಿನ ಮೇಲಿಂದ ಕೈ ತೆಗೆಯದೆ
ಇಲ್ಲಿ ಬಂದು ಬೆರಳು ಬಿಡಿಸಲಾಗದೆ ಕೂತ ಮುದುಕನನ್ನು.

ನಲವತ್ತೇಳು ಚೆಂಡು, ಆರು ಹೊರಗೆ.
ಕೋಟಿಗೊಬ್ಬ ಅನ್ನುತ್ತೇವೆ ಬಾಯಿಮಾತಿಗೆ;
ಲೆಕ್ಕ ಹಿಡಿದರೆ ಕೋಟಿಯ ಮೇಲೆ ಏಳು ಲಕ್ಷ.
ಬುಧವಾರ ಯಾರಿಗೂ ಬೀಳದಿದ್ದರೆ ಶನಿವಾರಕ್ಕೆ ಉರುಳುತ್ತದೆ,
ಅಲ್ಲಿಂದ ಮತ್ತೆ ಬುಧವಾರಕ್ಕೆ,
ಸೋತವರ ಚಿಲ್ಲರೆ ತಿಂದು ತಿಂದು ದಪ್ಪಗಾಗುತ್ತ.
ಬಿದ್ದ ಮೇಲೆ ತೊಂಬತ್ತು ದಿನ ಗಡುವು.
ಆಮೇಲೆ ಚೀಟಿ ಬರೀ ಕಾಗದ, ಅದೂ ಬರೆಯಲು ಬಾರದ್ದು.

ಆಫಲಿ ಕಡೆಯ ಆರು ಜನ ಬಂದದ್ದು ಎಂಬತ್ತೊಂದನೆಯ ದಿನ.
ಜೌಗುನೆಲದ ಪೀಟ್ ಕಡಿದು ಪುಟ್ಟ ರೈಲಿಗೆ ತುಂಬುತ್ತಿದ್ದವರು.
ಕೆಲಸ ನಿಂತು ಮೂರು ವರ್ಷ,
ಉಗುರಿನ ಸಂದಿಯ ಕಪ್ಪು ಇನ್ನೂ ಬಿಟ್ಟಿಲ್ಲ.
"ಜಗಳವಾಯಿತೆ?" ಎಂದೆ. ಪಾಲುದಾರರು ತಡಮಾಡುವುದು ಅದಕ್ಕೇ.
"ಇಲ್ಲ," ಅಂದ ಮ್ಯಾಲಕಿ ಗಿನನ್, "ಯಾರೂ ಬೇಕು ಅನ್ನಲಿಲ್ಲ.
ಹಾಗಾಗಿ ತಡ."

ಬಿಸ್ಕತ್ತಿನ ಡಬ್ಬಿಯಿಂದ ನೋಟುಪುಸ್ತಕ ತೆಗೆದ.
ಶುಕ್ರವಾರಕ್ಕೊಂದು ಪುಟ. ತಲೆಗೆ ಎರಡು ಯೂರೋ. ಏಳು ಹೆಸರು.
ಏಳನೆಯವನು ಫಿಂಟನ್ ಹೋರನ್,
ಫೆಬ್ರವರಿಯಲ್ಲಿ ತೀರಿಕೊಂಡಿದ್ದ.
ಹೆಸರು ಹೊಡೆದುಹಾಕಲು ಯಾರ ಕೈಯೂ ಏಳಲಿಲ್ಲ.

ಅಲ್ಲಿಂದಾಚೆ ಡಬ್ಬಿ ಲೆಕ್ಕ ತಪ್ಪಿತು.
ಹದಿನಾಲ್ಕು ಇರಬೇಕಾದಲ್ಲಿ ಇಪ್ಪತ್ತನಾಲ್ಕು.
ಗಿನನ್ ಮೂರು ಸಲ ಎಣಿಸಿದ, ಕನ್ನಡಕ ಒರೆಸಿ ಎಣಿಸಿದ,
ಹೆಚ್ಚಿಗೆ ಬಂದದ್ದನ್ನು ಇಟ್ಟುಕೊಳ್ಳಲು ಮನಸ್ಸು ಬಾರದೆ
ಇನ್ನೊಂದು ಚೀಟಿ ಕೊಂಡ. ಅಂಕಿ ಯಂತ್ರವೇ ಆರಿಸಲಿ ಅಂದ.

ಬಿದ್ದದ್ದು ಆ ಚೀಟಿಗೆ.

ಅವತ್ತು ರಾತ್ರಿ ಒಬ್ಬೊಬ್ಬರಾಗಿ ಬಾಯಿಬಿಟ್ಟರಂತೆ:
ಫಿಂಟನ್ನನ ಎರಡು ಯೂರೋ
ತಾನೊಬ್ಬನೇ ಗುಟ್ಟಾಗಿ ಹಾಕುತ್ತಿದ್ದೇನೆಂದು
ಆರೂ ಜನ ನಂಬಿದ್ದರು.

ಚೀಟಿ ತಿರುಗಿಸಿದೆ. ಆರು ಸಹಿ, ಕೆಳಗೆ ಒಂದು ಜಾಗ,
ಪಂಕ್ತಿಯಲ್ಲಿ ಬಾರದವನಿಗೆ ಎಲೆ ಹಾಕಿಟ್ಟ ಹಾಗೆ.
"ಸತ್ತವರಿಗೆ ಚೆಕ್ಕು ಬರೆಯುವಂತಿಲ್ಲ," ಎಂದೆ.
"ಹೆಂಡತಿ ಇದ್ದಾಳೆ. ಅಟ್ರಾಕ್ಟಾ. ಕೆಳಗೆ, ವ್ಯಾನಿನಲ್ಲಿ.
ನನ್ನ ದುಡ್ಡಲ್ಲ ಅಂತಾಳೆ, ಇಳಿಯುವುದಿಲ್ಲ."
ನೀವು ಆಮೇಲೆ ಕೊಟ್ಟರೆ ಅದು ಉಡುಗೊರೆ,
ತೆರಿಗೆಯವರು ಮೂರರಲ್ಲೊಂದು ಕಚ್ಚುತ್ತಾರೆ;
ಪುಸ್ತಕದಲ್ಲಿದ್ದರೆ ಪಾಲು.
ಇದನ್ನು ನಾನು ಹೇಳಬಾರದೋ ಏನೋ. ಹೇಳಿದೆ.

ಚೀಟಿ ಕೋಣೆ ಬಿಟ್ಟು ಹೋಗುವಂತಿಲ್ಲ. ಪುಸ್ತಕ ಹೋಗಬಹುದು.
ಹಿಡಿದುಕೊಂಡು ನಾನೇ ಇಳಿದೆ.

"ಗಂಟೆಗೆ ನಾಲ್ಕು ಯೂರೋ ಪಾರ್ಕಿಂಗಿಗೆ," ಅಂದಳು ಗಾಜು ಇಳಿಸಿ,
"ಏನು ಮಾಡುತ್ತಿದ್ದಾರೆ ಅಷ್ಟು ಹೊತ್ತು?"
ಪುಸ್ತಕ ತೊಡೆಯ ಮೇಲಿಟ್ಟೆ.
ಮಾರ್ಚಿ, ಏಪ್ರಿಲು, ಮೇ. ಅವನ ಹೆಸರಿನ ಮುಂದೆ ಗುರುತು,
ಗುರುತು, ಗುರುತು. ಬೆರಳಿಟ್ಟು ಓದಿದಳು,
ರೇಷನ್ನಿನ ಲೆಕ್ಕ ನೋಡುವವಳಂತೆ.

"ಸುಳ್ಳು," ಅಂದಳು. "ಬದುಕಿದ್ದಾಗ ಒಂದು ಶುಕ್ರವಾರವೂ
ಹೊತ್ತಿಗೆ ಸರಿಯಾಗಿ ಕೊಟ್ಟ ಗಂಡಸಲ್ಲ ಅದು.
ಹಾಲಿನ ದುಡ್ಡಿನಲ್ಲಿ ನಾನೇ ತೆಗೆದು ಕೊಡುತ್ತಿದ್ದೆ."

"ಎಷ್ಟು ವರ್ಷ?"

"ಮದುವೆಯಾದಾಗಿನಿಂದ."

"ಅಷ್ಟು ಸಾಕು," ಎಂದೆ. "ಮೇಲೆ ಬನ್ನಿ."

ಅವಳು ನನ್ನನ್ನು ನೋಡಿದಳು, ಪಾರ್ಕಿಂಗ್ ಯಂತ್ರವನ್ನು ನೋಡಿದಳು,
ಪರ್ಸಿನಲ್ಲಿ ನಾಣ್ಯ ಹುಡುಕಿದಳು.
ಆಮೇಲೆ ಸೀಟ್‌ಬೆಲ್ಟು ಬಿಚ್ಚಿದಳು.